ಮಿತವ್ಯಯ: ಪದದ ಅರ್ಥ, ಬಳಕೆ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ತಿನ ಸಹಕಾರ ಸಂಘವೊಂದರಲ್ಲಿ ಬಹಳ ವರ್ಷ ಲೆಕ್ಕ ಬರೆದವನು ನಾನು. ಸಂಘದ ಸುತ್ತೋಲೆ, ವಾರ್ಷಿಕ ವರದಿಗಳನ್ನು ಕನ್ನಡಕ್ಕೆ ತರುವ ಕೆಲಸವೂ ನನ್ನ ಪಾಲಿಗೇ ಬರುತ್ತಿತ್ತು. ಹೀಗಾಗಿ "ಮಿತವ್ಯಯ" ಎಂಬ ಪದದ ಜೊತೆ ನನ್ನ ಒಡನಾಟ ದೊಡ್ಡದು. ಮಕ್ಕಳು ಪ್ರಬಂಧಕ್ಕೆಂದು ಕೇಳುತ್ತಾರೆ, ಪರೀಕ್ಷೆಗೆ ಓದುವವರು ವಿರುದ್ಧ ಪದ ಕೇಳುತ್ತಾರೆ, ಅನುವಾದ ಮಾಡುವವರು ಇಲ್ಲಿ ಈ ಪದ ಹೊಂದುತ್ತದೆಯೇ ಎಂದು ಕೇಳುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಮಿತವ್ಯಯ ಎಂದರೆ ಒಂದೇ ಮಾತಿನಲ್ಲಿ ಏನು?

ಅಳತೆಯರಿತು ಖರ್ಚು ಮಾಡುವುದು. ಕೈಗೆ ಬರುವುದೆಷ್ಟು, ಯಾವುದಕ್ಕೆ ಎಷ್ಟು ಬೇಕು ಎಂಬುದು ಗೊತ್ತಿದ್ದು, ಬೇಕಾದಲ್ಲಿ ಬೇಕಾದಷ್ಟು ಖರ್ಚು ಮಾಡುವ ನಡವಳಿಕೆಗೆ ಈ ಹೆಸರು.

ಈ ಪದ ಹೇಗೆ ಹುಟ್ಟಿದ್ದು?

ಎರಡು ಸಂಸ್ಕೃತ ಪದಗಳು ಸೇರಿವೆ: ಮಿತ ಮತ್ತು ವ್ಯಯ. ಅಳೆಯುವುದು ಎಂಬ ಅರ್ಥದ "ಮಾ" ಧಾತುವಿನಿಂದ "ಮಿತ" ಬಂತು. ಹಾಗೆ ನೋಡಿದರೆ ಮಿತ ಎಂದರೆ ಅಳೆದದ್ದು. ಮಿತಭಾಷಿ, ಮಿತಾಹಾರ, ಹಿತಮಿತ, ಪರಿಮಿತ, ಅಪರಿಮಿತ, ಎಲ್ಲ ಅದೇ ಮನೆಯ ಮಕ್ಕಳು. ವ್ಯಯದಲ್ಲಿರುವುದು ಹೋಗುವುದು ಎಂಬ ಅರ್ಥದ ಧಾತು. ಕೈಬಿಟ್ಟು ಹೋದದ್ದು ವ್ಯಯ, ಕೈಗೆ ಬಂದದ್ದು ಆಯ. ಎರಡೂ ಒಂದೇ ಧಾತುವಿನವು, ದಿಕ್ಕು ಮಾತ್ರ ಬೇರೆ.

ವ್ಯಾಕರಣದ ಪರೀಕ್ಷೆಗೆ ಓದುವವರಿಗೆ: ಮಿತವಾದ ವ್ಯಯ ಎಂದು ಬಿಡಿಸಬೇಕು, ಕರ್ಮಧಾರಯ ಸಮಾಸ.

ನಾವು ದಿನಾ ಬಳಸುವ "ವೆಚ್ಚ" ಕೂಡ ವ್ಯಯದ್ದೇ ತದ್ಭವ. "ಖರ್ಚು" ಮಾತ್ರ ಹೊರಗಿನಿಂದ ಬಂದದ್ದು, ಅರಬ್ಬಿ–ಪಾರಸಿಯಿಂದ. ಬಂದು ಎಷ್ಟು ಕಾಲವಾಯಿತೆಂದರೆ ಈಗ ಅದನ್ನು ಪರಕೀಯ ಎಂದರೆ ಯಾರೂ ನಂಬುವುದಿಲ್ಲ.

ಮಿತ ಎಂದರೆ ಕಡಿಮೆ ಎಂದಲ್ಲವೇ? ಹಾಗಾದರೆ ಮಿತವ್ಯಯ ಎಂದರೆ ಕಡಿಮೆ ಖರ್ಚು ತಾನೇ?

ಅತಿ ಹೆಚ್ಚು ಜನ ತಪ್ಪು ತಿಳಿದಿರುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ಪಾವು ಇತ್ತು. ನಾಲ್ಕು ಪಾವಿಗೆ ಒಂದು ಸೇರು. ಅಮ್ಮ ಪ್ರತಿದಿನ ಅಕ್ಕಿಯನ್ನು ಅದರಲ್ಲೇ ಅಳೆಯುತ್ತಿದ್ದಳು. ಡಬ್ಬದೊಳಗೆ ಪಾವನ್ನು ಅದ್ದಿ ಎತ್ತುವುದು, ತುಂಬಿದ ಮೇಲೆ ಬಾಯಿಯ ಅಂಚಿಗೆ ಸರಿಯಾಗಿ ಅಂಗೈಯಿಂದ ಸವರುವುದು, ಸವರಿದ ಕಾಳು ಮತ್ತೆ ಡಬ್ಬಕ್ಕೇ ಬೀಳುವುದು. ಎಷ್ಟು ಜನ ಊಟಕ್ಕಿದ್ದಾರೆ ಎಂದು ಮೊದಲೇ ಕೇಳುತ್ತಿದ್ದಳು. ಅಪ್ಪ ಊರಿಗೆ ಹೋಗಿದ್ದರೆ ಪಾವು ಕಡಿಮೆ, ಸೋದರಮಾವ ಬಂದಿದ್ದರೆ ಪಾವು ಹೆಚ್ಚು. ಅಳೆದು ಮುಗಿದ ಮೇಲೆ ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ಮೂಲೆಯ ಕುಡಿಕೆಗೆ ಹಾಕುತ್ತಿದ್ದಳು. ಆ ಒಂದು ಹಿಡಿ ಹೋದದ್ದು ಊಟಕ್ಕೆ ಕೂತವರಿಗೆ ಯಾರಿಗೂ ತಿಳಿಯುತ್ತಿರಲಿಲ್ಲ. ತಿಂಗಳ ಕೊನೆಗೆ, ದಿನಸಿ ಮುಗಿಯುತ್ತ ಬಂದಾಗ, ಆ ಕುಡಿಕೆ ಎರಡು ಮೂರು ಹೊತ್ತಿನ ಅನ್ನವಾಗುತ್ತಿತ್ತು.

ಅದೇ ಅಮ್ಮ ಯುಗಾದಿಗೆ ಹೋಳಿಗೆ ಮಾಡಿದಾಗ ತುಪ್ಪವನ್ನು ಚಮಚದಲ್ಲಿ ಅಳೆದವಳಲ್ಲ. ಮಿಳ್ಳೆ ಎತ್ತಿ ಸುರಿಯುತ್ತಿದ್ದಳು. "ಹಬ್ಬದ ದಿನ ಕೈ ಹಿಡಿಯಬಾರದು" ಎನ್ನುತ್ತಿದ್ದಳು.

ಈ ಎರಡೂ ಸೇರಿದ್ದು ಮಿತವ್ಯಯ. ಅಳತೆ ಎಂದರೆ ಯಾವಾಗಲೂ ಸಣ್ಣ ಅಳತೆ ಎಂದಲ್ಲ. ಐದು ಜನಕ್ಕೆ ಅಳೆಯುವ ಪಾವಿನಲ್ಲೇ ಐವತ್ತು ಜನಕ್ಕೂ ಅಳೆಯಬಹುದು. ಲೆಕ್ಕ ತಪ್ಪಬಾರದು, ಅಷ್ಟೆ. ಮಗಳ ಓದಿಗೆ ಒಂದು ಲಕ್ಷ ಕಟ್ಟಿದವರೂ ಮಿತವ್ಯಯಿ ಆಗಿರಬಹುದು. ಕಡಿಮೆ ಬೆಲೆಗೆ ಸಿಕ್ಕಿತೆಂದು ಬೇಡದ ನಾಲ್ಕು ಅಂಗಿ ತಂದವರು ಮಿತವ್ಯಯಿಗಳಲ್ಲ, ಖರ್ಚಾದದ್ದು ಸಾವಿರವೇ ಆಗಿದ್ದರೂ.

ಮಿತವ್ಯಯಕ್ಕೂ ಜಿಪುಣತನಕ್ಕೂ ಏನು ವ್ಯತ್ಯಾಸ?

ಕನ್ನಡದಲ್ಲಿ ಜಿಪುಣನಿಗೆ ಹೆಸರುಗಳಿಗೆ ಬರವಿಲ್ಲ. ಜುಗ್ಗ, ಕೃಪಣ, ಲೋಭಿ, ಕಂಜೂಸ್. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂಬ ಮಾತಂತೂ ಎಲ್ಲರಿಗೂ ಗೊತ್ತು. ಕೈಗಂಟಿದ ಅಗುಳು ಎಲ್ಲಿ ಕಾಗೆಯ ಪಾಲಾಗುತ್ತದೋ ಎಂದು ಕೈ ಬೀಸದಿರುವವನು. ಮಿತವ್ಯಯಿಗೆ ಮಾತ್ರ ಒಳ್ಳೆಯ ಅಡ್ಡಹೆಸರು ಒಂದೂ ಇಲ್ಲ. ಅದರಿಂದಲೇ ನೋಡಿ ಖರ್ಚು ಮಾಡುವವರನ್ನೂ ಜನ ಸುಲಭವಾಗಿ ಜುಗ್ಗ ಎಂದು ಕರೆದುಬಿಡುತ್ತಾರೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಸಂಬಳದಲ್ಲಿ ಮನೆ ನಡೆಸುವ ಎಷ್ಟೋ ಹೆಂಗಸರು ಈ ಮಾತನ್ನು ಬೀಗರ ಬಾಯಲ್ಲಿ ಕೇಳಿ ನುಂಗಿಕೊಂಡಿದ್ದಾರೆ.

ವ್ಯತ್ಯಾಸ ತಿಳಿಯಲು ನಾನು ನೋಡುವುದು ಒಂದೇ: ಬೇಕೇ ಬೇಕಾದಾಗ ಕೈ ಬಿಚ್ಚುತ್ತದೆಯೋ ಇಲ್ಲವೋ. ನಮ್ಮ ಸಂಘಕ್ಕೆ ಬರುತ್ತಿದ್ದ ಮೇಷ್ಟ್ರೊಬ್ಬರು ಎರಡೇ ಜೊತೆ ಬಟ್ಟೆಯಲ್ಲಿ ವರ್ಷ ಕಳೆಯುತ್ತಿದ್ದರು, ಬಸ್ಸಿಗೆ ಬದಲು ನಡೆದೇ ಬರುತ್ತಿದ್ದರು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕ ದಿನ ಬಂದು, ಠೇವಣಿ ಮುರಿಸಿ, ಇಡೀ ವರ್ಷದ ಫೀಸನ್ನು ಒಂದೇ ಸಲಕ್ಕೆ ಎಣಿಸಿಕೊಂಡು ಹೋದರು. ಮುಖದಲ್ಲಿ ಬೇಸರದ ಗೆರೆ ಇರಲಿಲ್ಲ. ಅದಕ್ಕಾಗಿಯೇ ಕೂಡಿಟ್ಟದ್ದಲ್ಲವೇ. ಅದೇ ಕಿಟಕಿಗೆ ಇನ್ನೊಬ್ಬ ಸದಸ್ಯರು ಬರುತ್ತಿದ್ದರು, ಅವರದು ದೊಡ್ಡ ಠೇವಣಿ. ಕಣ್ಣು ಮಂಜಾಗಿ ಪಾಸ್‌ಬುಕ್ಕಿನ ಅಂಕಿ ಕಾಣುತ್ತಿರಲಿಲ್ಲ. ಕನ್ನಡಕಕ್ಕೆ ಖರ್ಚೆಂದು, ಪ್ರತಿ ತಿಂಗಳೂ ನನ್ನಿಂದಲೇ ಓದಿಸಿಕೊಳ್ಳುತ್ತಿದ್ದರು. ಇಬ್ಬರನ್ನೂ ಊರಿನವರು ಒಂದೇ ಹೆಸರಿನಿಂದ ಕರೆಯುತ್ತಿದ್ದರು.

ಪುರಂದರದಾಸರ ಬಗ್ಗೆ ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಕಥೆ ಇಲ್ಲಿ ನೆನಪಾಗುತ್ತದೆ. ದಾಸರಾಗುವ ಮೊದಲು ಅವರು ಶ್ರೀನಿವಾಸ ನಾಯಕ ಎಂಬ ಚಿನಿವಾರ, ನವಕೋಟಿ ನಾರಾಯಣ ಎನಿಸಿಕೊಂಡಿದ್ದ ಸಿರಿವಂತ. ಮಗನ ಉಪನಯನಕ್ಕೆಂದು ಬೇಡಲು ಬಂದ ಬಡ ಬ್ರಾಹ್ಮಣನನ್ನು ದಿನವೂ ಅಲೆದಾಡಿಸಿದರು, ಹೆಂಡತಿ ಮೂಗುತಿ ಕೊಟ್ಟಳು, ಆ ಮೂಗುತಿ ಗಂಡನ ಅಂಗಡಿಗೇ ಬಂತು, ಕೊನೆಗೆ ನಾಯಕರು ಇದ್ದದ್ದನ್ನೆಲ್ಲ ಬಿಟ್ಟು ದಾಸರಾದರು. ಕಥೆಯ ಮೊದಲರ್ಧ ಜಿಪುಣತನ, ಕೊನೆ ವೈರಾಗ್ಯ. ಮಿತವ್ಯಯ ಎರಡೂ ಅಲ್ಲ. ಅದು ಸಂಸಾರ ಬಿಡದವರ ಗುಣ, ನಾಳೆಯೂ ಒಲೆ ಹಚ್ಚಬೇಕಾದವರ ಗುಣ.

ಉಳಿತಾಯ ಎಂದರೂ ಇದೇ ಅಲ್ಲವೇ?

ಅಲ್ಲ. ಖರ್ಚಾಗದೆ ಮಿಕ್ಕದ್ದು ಉಳಿತಾಯ, ಖರ್ಚು ಮಾಡುವ ರೀತಿ ಮಿತವ್ಯಯ. ಮಿತವ್ಯಯ ಮಾಡಿದರೂ ಕೆಲವರಿಗೆ ಉಳಿಯುವುದಿಲ್ಲ. ಗಾರೆ ಕೆಲಸಕ್ಕೆ ಹೋಗುವವರ ಮನೆಯಲ್ಲಿ ಮಳೆಗಾಲದಲ್ಲಿ ಉಳಿತಾಯದ ಮಾತೆಲ್ಲಿ ಬಂತು? ಆದರೆ ಇರುವ ನಾನೂರು ರೂಪಾಯಿಯನ್ನು ಅವರು ನಾಲ್ಕು ದಿನಕ್ಕೆ ಹಂಚುವ ರೀತಿಯಲ್ಲಿ ಎಷ್ಟು ಬೇಕಾದರೂ ಮಿತವ್ಯಯ ಇದೆ. ಹಾಗೆಯೇ ದೊಡ್ಡ ಸಂಬಳದವರಿಗೆ ಲೆಕ್ಕವಿಡದೆಯೂ ಹಣ ಉಳಿಯಬಹುದು. ಅವರನ್ನು ಮಿತವ್ಯಯಿ ಎನ್ನಲು ಬರುವುದಿಲ್ಲ.

ಮನೆಮಾತಿನಲ್ಲಿ ಯಾರೂ "ಮಿತವ್ಯಯ" ಅನ್ನುವುದಿಲ್ಲ. ಜನ ನಿಜವಾಗಿ ಏನೆನ್ನುತ್ತಾರೆ?

ಒಳ್ಳೆಯ ಪ್ರಶ್ನೆ. ಇದು ಬರಹದ ಪದ, ಭಾಷಣದ ಪದ. ಅಡುಗೆಮನೆಯಲ್ಲಿ, ಅಂಗಡಿಯಲ್ಲಿ ಕೇಳುವುದು ಬೇರೆ ಮಾತುಗಳು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು "ತೂಗಿಸು". "ಅವಳು ಇದ್ದುದರಲ್ಲೇ ಸಂಸಾರ ತೂಗಿಸಿಕೊಂಡು ಹೋಗ್ತಾಳೆ." ಬರುವುದನ್ನು ಒಂದು ತಟ್ಟೆಯಲ್ಲಿ, ಹೋಗುವುದನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ತಕ್ಕಡಿ ಸಮನಾಗಿ ನಿಲ್ಲಿಸುವ ಚಿತ್ರ ಈ ಒಂದು ಕ್ರಿಯಾಪದದಲ್ಲಿದೆ. "ಸರಿದೂಗಿಸು" ಅದರ ಇನ್ನೊಂದು ರೂಪ. ಸಂಸ್ಕೃತದ ಪದ ಅಳತೆಯಿಂದ ಹುಟ್ಟಿತು, ಕನ್ನಡದ ಮಾತು ತೂಕದಿಂದ ಹುಟ್ಟಿತು. ಇಬ್ಬರೂ ಅಂಗಡಿಯ ಕಡೆಯಿಂದಲೇ ಬಂದಿದ್ದಾರೆ.

ಇನ್ನು "ಕೈ ಹಿಡಿದು ಖರ್ಚು ಮಾಡು", "ನೋಡಿಕೊಂಡು ಖರ್ಚು ಮಾಡು", "ಹಿಡಿತದಲ್ಲಿರು" ಎಂಬ ಮಾತುಗಳು ಎಲ್ಲ ಕಡೆ ಇವೆ. "ಅವನ ಕೈ ಸ್ವಲ್ಪ ಬಿಗಿ" ಎಂದರೆ ಮೆಚ್ಚುಗೆಯೂ ಆಗಬಹುದು, ಕುಟುಕೂ ಆಗಬಹುದು, ಹೇಳುವವರ ದನಿ ನೋಡಿ ತಿಳಿಯಬೇಕು. "ಲೆಕ್ಕಾಚಾರದ ಮನುಷ್ಯ" ಎನ್ನುವುದರಲ್ಲಿ ಮೆಚ್ಚುಗೆ ಇನ್ನೂ ಕಡಿಮೆ, ಸ್ವಾರ್ಥಿ ಎಂಬ ಸೂಚನೆ ಇರುತ್ತದೆ. ಬೆಳಗಾವಿಯ ಕಡೆ ಮರಾಠಿಯ "ಕಾಟಕಸರ್" ಎಂಬ ಮಾತೂ ಕಿವಿಗೆ ಬೀಳುತ್ತದೆ.

ಮಿತವ್ಯಯವನ್ನು ವಾಕ್ಯದಲ್ಲಿ ಹೇಗೆ ಬಳಸಬೇಕು?

ನಾಮಪದವಾಗಿ: "ಮದುವೆಯ ಖರ್ಚಿನಲ್ಲಿ ಮಿತವ್ಯಯ ಪಾಲಿಸಿದರು." ವಿಶೇಷಣವಾಗಿ: "ಮಿತವ್ಯಯದ ಜೀವನ". ಮನುಷ್ಯರಿಗೆ: "ಅವರು ಮಿತವ್ಯಯಿ". ಹೆಣ್ಣಿಗೂ ಗಂಡಿಗೂ ಒಂದೇ ರೂಪ, ಬಹುವಚನಕ್ಕೆ "ಮಿತವ್ಯಯಿಗಳು". ಕ್ರಿಯೆಗೆ "ಮಿತವ್ಯಯ ಮಾಡು" ಎನ್ನಬಹುದು, ಬರಹದಲ್ಲಿ "ಪಾಲಿಸು", "ಸಾಧಿಸು" ಚೆನ್ನಾಗಿ ಹೊಂದುತ್ತವೆ.

"ಮಿತವ್ಯಯದಿಂದ ಖರ್ಚು ಮಾಡಿದರು" ಎಂದು ಬರೆಯುವವರಿದ್ದಾರೆ. ವ್ಯಯ ಎಂದರೇ ಖರ್ಚು, ಮತ್ತೆ ಖರ್ಚೇಕೆ? "ಮಿತವಾಗಿ ಖರ್ಚು ಮಾಡಿದರು" ಎಂದರೆ ಸಾಕು. ಪದಗಳಲ್ಲೂ ದುಂದು ಬೇಡ.

ಕಾಗುಣಿತದಲ್ಲಿ ಯಾವ ತಪ್ಪು ಹೆಚ್ಚು?

"ಮಿತ್ಯವ್ಯಯ", "ಮಿತವ್ಯಾಯ", "ಮಿತವೆಯ" ಮೂರೂ ಕಣ್ಣಿಗೆ ಬಿದ್ದಿವೆ. ಒಮ್ಮೆ ಒಂದು ಕಚೇರಿಯ ಗೋಡೆಯಲ್ಲಿ, ಬಣ್ಣದ ದೊಡ್ಡ ಅಕ್ಷರಗಳಲ್ಲಿ, "ಮಿಥ್ಯವ್ಯಯ" ಎಂದೇ ಬರೆಸಿದ್ದರು. ಮಿಥ್ಯ ಎಂದರೆ ಸುಳ್ಳು. ಸುಳ್ಳು ಖರ್ಚು ತೋರಿಸುವುದನ್ನು ಪಾಲಿಸಿರೆಂದು ನೌಕರರಿಗೆ ಹೇಳಿದಂತಾಯಿತು. ಹೋಗಿ ಹೇಳಿದೆ, ಬದಲಾಯಿಸಲಿಲ್ಲ. ಬಹಳ ದಿನ ಆ ದಾರಿಯಲ್ಲಿ ಹೋಗುವಾಗ ಮನಸ್ಸಿಗೆ ಕಸಿವಿಸಿ. ನೆನಪಿಡಲು ಸುಲಭ ಉಪಾಯ: "ಮಿತ"ವನ್ನು ಮೊದಲು ಪೂರ್ತಿ ಬರೆಯಿರಿ, ಆಮೇಲೆ "ವ್ಯಯ".

ವಿರುದ್ಧ ಪದ ಯಾವುದು?

ದುಂದುವೆಚ್ಚ. ಪರೀಕ್ಷೆಯಲ್ಲಿ ಇದನ್ನೇ ಬರೆಯಿರಿ. ಸಂಸ್ಕೃತದ ಜೋಡಿ ಬೇಕೆಂದರೆ ಅಪವ್ಯಯ ಅಥವಾ ದುರ್ವ್ಯಯ. ಅಪವ್ಯಯ ಎಂದರೆ ವ್ಯರ್ಥವಾಗಿ ಹೋದದ್ದು, ಹೋಗಬಾರದ ಕಡೆ ಹೋದದ್ದು. ಹಾಗಾಗಿ "ಸಾರ್ವಜನಿಕ ಹಣದ ಅಪವ್ಯಯ" ಎನ್ನುತ್ತೇವೆ. ದುಂದುವಿನಲ್ಲಿ ಕೈಯ ಸಡಿಲ ಇದೆ, ಸಂಭ್ರಮವೂ ಇದೆ. ಮದುವೆ ಮನೆಯಲ್ಲಿ ಆಗುವುದು ದುಂದುವೆಚ್ಚ, ಕಳಪೆ ಕಾಮಗಾರಿಯಲ್ಲಿ ಆಗುವುದು ಅಪವ್ಯಯ.

ಜಿಪುಣತನ ಮಿತವ್ಯಯದ ವಿರುದ್ಧ ಪದ ಆಗುತ್ತದೆಯೇ ಎಂದು ಒಬ್ಬ ಹುಡುಗಿ ಕೇಳಿದ್ದಳು. ಅರ್ಥದ ದೃಷ್ಟಿಯಿಂದ ಅವಳ ಮಾತು ಸರಿ. ಮಿತದ ಆಚೆಗೂ ತಪ್ಪು, ಈಚೆಗೂ ತಪ್ಪು. ಆದರೆ ಉತ್ತರ ಪತ್ರಿಕೆ ತಿದ್ದುವವರು ಅದಕ್ಕೆ ಅಂಕ ಕೊಡುತ್ತಾರೆಂಬ ಭರವಸೆ ನನಗಿಲ್ಲ.

ಆಯವ್ಯಯ, ಅವ್ಯಯ, ವ್ಯಯ ಸಂವತ್ಸರ, ಇವಕ್ಕೂ ಇದಕ್ಕೂ ನಂಟಿದೆಯೇ?

ಇದೆ. ರಾಜ್ಯದ ಬಜೆಟ್ಟಿಗೆ ಕನ್ನಡದಲ್ಲಿ ಆಯವ್ಯಯ ಎಂದೇ ಹೆಸರು. ಮುಖ್ಯಮಂತ್ರಿಗಳು ಓದುವುದು ಆಯವ್ಯಯ ಭಾಷಣ. ಬಂದದ್ದು, ಹೋದದ್ದು, ಎರಡನ್ನೂ ಒಂದೇ ಪದದಲ್ಲಿ ಹೇಳಿಬಿಡುವ ಈ ಮಾತು ಬಜೆಟ್ಟಿಗಿಂತ ಸ್ಪಷ್ಟ ಎಂಬುದು ನನ್ನ ಅಭಿಪ್ರಾಯ. ಇದು ಕಚೇರಿಯವರು ಕಟ್ಟಿದ ಪದವೂ ಅಲ್ಲ. ಯುಗಾದಿಯ ದಿನ ಪಂಚಾಂಗ ಶ್ರವಣದಲ್ಲಿ ಪ್ರತಿ ರಾಶಿಗೂ ಆಯ ಎಷ್ಟು, ವ್ಯಯ ಎಷ್ಟು ಎಂದು ಓದುವುದು ರೂಢಿ. ಬೇವುಬೆಲ್ಲ ಬಾಯಲ್ಲಿಟ್ಟುಕೊಂಡು ವರ್ಷದ ಜಮಾಖರ್ಚು ಕೇಳುವ ಜನ ನಾವು. ವ್ಯಯ ಹೆಚ್ಚು ಬಂದ ರಾಶಿಯವರು ಸಣ್ಣಗೆ ನಿಟ್ಟುಸಿರು ಬಿಡುತ್ತಾರೆ.

ಅರವತ್ತು ಸಂವತ್ಸರಗಳಲ್ಲಿ ಇಪ್ಪತ್ತನೆಯದರ ಹೆಸರೇ ವ್ಯಯ. ಹಿಂದಿನ ಸಲ ಬಂದದ್ದು 2006ರ ಯುಗಾದಿಗೆ. ವ್ಯಾಕರಣದ ಅವ್ಯಯವೂ ಇದೇ ಕುಟುಂಬದ್ದು: ಲಿಂಗ, ವಚನ, ವಿಭಕ್ತಿ ಯಾವುದರಿಂದಲೂ ಏನನ್ನೂ ಕಳೆದುಕೊಳ್ಳದೆ ಇದ್ದ ಹಾಗೇ ಇರುವ ಪದ. ಸುಮ್ಮನೆ, ಬೇಗನೆ, ಆದರೆ, ಇಂಥವು.

ಸರ್ಕಾರಿ ಆದೇಶಗಳಲ್ಲಿ "ಮಿತವ್ಯಯ ಕ್ರಮಗಳು" ಎಂದಿರುತ್ತದೆ. ಅಲ್ಲಿ ಏನರ್ಥ?

ಅಲ್ಲಿ ಅರ್ಥ ಕಿರಿದಾಗುತ್ತದೆ. ಹೊಸ ವಾಹನ ಕೊಳ್ಳಬೇಡಿ, ಪೀಠೋಪಕರಣ ಬದಲಿಸಬೇಡಿ, ಸಭೆಗಳನ್ನು ದುಬಾರಿ ಹೋಟೆಲಿನಲ್ಲಿ ನಡೆಸಬೇಡಿ, ಪ್ರವಾಸ ಕಡಿಮೆ ಮಾಡಿ ಎಂಬ ಬಗೆಯ ಸೂಚನೆಗಳಿಗೆ ಆ ತಲೆಬರಹ. ಅದು ವೆಚ್ಚ ಕಡಿತ. ಅಳತೆ ಎಂಬ ಮೂಲದ ಅರ್ಥ ಅಲ್ಲಿ ಮಸುಕಾಗಿದೆ. ಖಜಾನೆ ಬಿಗಿಯಾದ ವರ್ಷ ಮಾತ್ರ ನೆನಪಾಗುವ ಪದವಾದದ್ದರಿಂದ ನೌಕರರಿಗೆ ಅದೆಂದರೆ ಏನೋ ಕಿತ್ತುಕೊಳ್ಳುವ ಸೂಚನೆ ಎಂದೇ ಅನಿಸುತ್ತದೆ.

ಸಹಕಾರ ಸಂಘಗಳಿಗೂ ಮಿತವ್ಯಯಕ್ಕೂ ಸಂಬಂಧ ಇದೆ ಎನ್ನುತ್ತಾರಲ್ಲ?

ಇದೆ, ಬೇರಿನಲ್ಲೇ ಇದೆ. ಬ್ರಿಟಿಷರ ಕಾಲದಲ್ಲಿ, 1904ರಲ್ಲಿ ಬಂದ ಸಹಕಾರ ಪತ್ತಿನ ಸಂಘಗಳ ಕಾಯ್ದೆಯ ಪೀಠಿಕೆಯಲ್ಲಿ ಮೂರು ಉದ್ದೇಶಗಳಿವೆ: ರೈತರು, ಕುಶಲಕರ್ಮಿಗಳು ಮತ್ತು ಕಡಿಮೆ ಆದಾಯದವರಲ್ಲಿ ಮಿತವ್ಯಯ, ಸ್ವಸಹಾಯ ಮತ್ತು ಸಹಕಾರವನ್ನು ಬೆಳೆಸುವುದು. ಮೊದಲ ಹೆಸರೇ ಮಿತವ್ಯಯದ್ದು. ಮರುವರ್ಷವೇ, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಕಥೆಯನ್ನು ಎಷ್ಟೋ ಜನ ಆ ಊರಿನ ಹೆಸರಿನಿಂದಲೇ ಶುರುಮಾಡುತ್ತಾರೆ.

ಇಂಗ್ಲಿಷಿನಲ್ಲಿ ಇಂಥ ಎಷ್ಟೋ ಸಂಘಗಳ ಹೆಸರು "ಥ್ರಿಫ್ಟ್ ಅಂಡ್ ಕ್ರೆಡಿಟ್ ಸೊಸೈಟಿ" ಎಂದಿರುತ್ತದೆ. ಕನ್ನಡಕ್ಕೆ ಬರುವಾಗ "ಪತ್ತಿನ ಸಹಕಾರ ಸಂಘ" ಎಂದಷ್ಟೇ ಉಳಿಯಿತು. ಪತ್ತು ಎಂದರೆ ಸಾಲ ಪಡೆಯುವ ಯೋಗ್ಯತೆ. ಮಿತವ್ಯಯ ಹಲಗೆಯಿಂದ ಇಳಿದುಹೋಯಿತು, ಸಾಲ ಉಳಿಯಿತು. ಸದಸ್ಯರೂ ಸಂಘವೆಂದರೆ ಸಾಲ ಸಿಗುವ ಜಾಗ ಎಂದೇ ತಿಳಿಯತೊಡಗಿದರು. ಹೆಸರಿನಲ್ಲಿ ಒಂದು ಪದ ಕಡಿಮೆಯಾದರೆ ಇಷ್ಟು ವ್ಯತ್ಯಾಸವಾಗುತ್ತದೆಯೇ ಎಂದು ಕೇಳಬಹುದು. ಕೌಂಟರಿನ ಈಚೆ ಕೂತು ನೋಡಿದ ನನಗೆ ಆಗುತ್ತದೆ ಎಂದೇ ಅನಿಸಿದೆ.

ಕರಾವಳಿಯ ಮಾತೇ ಬೇರೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನವರೇ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಗಳಲ್ಲಿ ಉಳಿದಿದೆ. ಸಂಜೆಯ ಹೊತ್ತಿಗೆ ಪಿಗ್ಮಿಯವರು ಬರುತ್ತಾರೆ, ಹೂವಿನವಳು ಬುಟ್ಟಿಯ ಗೋಣಿತಾಟಿನ ಕೆಳಗಿಂದ ಮಡಚಿದ ನೋಟು ತೆಗೆಯುತ್ತಾಳೆ, ಯಂತ್ರದಿಂದ ಸಣ್ಣ ಚೀಟಿ ಹೊರಬರುತ್ತದೆ, ಅದನ್ನು ಅವಳು ಓದುವುದಿಲ್ಲ, ಸೆರಗಿನ ತುದಿಗೆ ಗಂಟು ಹಾಕುತ್ತಾಳೆ. ಮಿತವ್ಯಯ ಎಂಬ ಪದಕ್ಕೆ ಚಿತ್ರ ಬರೆಯಿರಿ ಎಂದರೆ ನಾನು ಆ ಗಂಟನ್ನು ಬರೆದೇನು.

ಮಿತವ್ಯಯಕ್ಕೆಂದು ಒಂದು ದಿನವೂ ಇದೆಯಂತೆ?

ಹೌದು. 1924ರಲ್ಲಿ ಇಟಲಿಯ ಮಿಲಾನಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಮಿತವ್ಯಯ ಸಮ್ಮೇಳನದ ಕೊನೆಯ ದಿನವಾದ ಅಕ್ಟೋಬರ್ 31ನ್ನು ವಿಶ್ವ ಮಿತವ್ಯಯ ದಿನ ಎಂದು ಗೊತ್ತುಮಾಡಿದರು. ವಿಶ್ವ ಉಳಿತಾಯ ದಿನ ಎಂದೂ ಕರೆಯುತ್ತಾರೆ. ಭಾರತದಲ್ಲಿ ಅಕ್ಟೋಬರ್ 31 ಇಂದಿರಾ ಗಾಂಧಿಯವರ ಪುಣ್ಯತಿಥಿ, ಹಾಗಾಗಿ ನಮ್ಮಲ್ಲಿ 30ರಂದು ಆಚರಿಸುತ್ತಾರೆ.

ಮಿತವ್ಯಯದ ಬಗ್ಗೆ ಪ್ರಬಂಧಕ್ಕೆ ಯಾವ ಗಾದೆ ಹೊಂದುತ್ತದೆ?

ಎಲ್ಲರೂ ಬರೆಯುವುದು "ಹಾಸಿಗೆ ಇದ್ದಷ್ಟು ಕಾಲು ಚಾಚು". ಸರಿಯಾಗಿಯೇ ಇದೆ. ಆದರೆ ಗಮನಿಸಿ, ಕಾಲು ಚಾಚಬೇಡ ಎಂದು ಅದು ಹೇಳುತ್ತಿಲ್ಲ, ಮುದುರಿಕೊಂಡು ಮಲಗು ಎಂದೂ ಹೇಳುತ್ತಿಲ್ಲ. ಇದ್ದಷ್ಟು ಚಾಚು ಎನ್ನುತ್ತದೆ. "ಮಿತ" ಪದದ ಅರ್ಥ ಪೂರ್ತಿ ಅಲ್ಲಿದೆ.

"ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ" ಉಳಿತಾಯದ ಗಾದೆ. ಬಳ್ಳ ಎಂದರೆ ಕಾಳು ಅಳೆಯುವ ಮಾನ, ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು, ಹೂವಿನ ಬಳ್ಳಿ ಎಂದುಕೊಳ್ಳುತ್ತಾರೆ. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ದುಡಿಮೆಯ ಗಾದೆ. ಮೂರನ್ನೂ ಒಂದೇ ಪ್ಯಾರಾದಲ್ಲಿ ತುರುಕಬೇಡಿ.

ಎಲ್ಲರೂ ಮಿತವ್ಯಯ ಮಾಡಿದರೆ ವ್ಯಾಪಾರ ಬಿದ್ದುಹೋಗುವುದಿಲ್ಲವೇ?

ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಪ್ರಶ್ನೆ ಇದು. 1930ರ ದಶಕದ ಮಹಾ ಕುಸಿತದ ಹೊತ್ತಿನಲ್ಲಿ ಬ್ರಿಟನ್ನಿನ ಜಾನ್ ಮೇನಾರ್ಡ್ ಕೇನ್ಸ್ ಇದನ್ನು ಬಲವಾಗಿ ಮುಂದಿಟ್ಟರು. ಎಲ್ಲ ಮನೆಗಳೂ ಒಟ್ಟಿಗೇ ಖರ್ಚು ನಿಲ್ಲಿಸಿದರೆ ಅಂಗಡಿಯಲ್ಲಿ ಮಾಲು ಹೋಗುವುದಿಲ್ಲ, ಕಾರ್ಖಾನೆ ಕೆಲಸಗಾರರನ್ನು ಬಿಡುತ್ತದೆ, ಆದಾಯ ಇಳಿದು ಕೊನೆಗೆ ಉಳಿತಾಯವೂ ಆಗುವುದಿಲ್ಲ. ಇದನ್ನು ಮಿತವ್ಯಯದ ವಿರೋಧಾಭಾಸ ಎನ್ನುತ್ತಾರೆ.

ನನ್ನ ಮಟ್ಟಿಗೆ, ಈ ಅನುವಾದದಲ್ಲಿ "ಉಳಿತಾಯದ ವಿರೋಧಾಭಾಸ" ಎಂದರೆ ಹೆಚ್ಚು ಸರಿ. ಕೇನ್ಸ್ ಹೇಳಿದ್ದು ಖರ್ಚೇ ನಿಂತುಹೋಗುವುದರ ಬಗ್ಗೆ. ಮಿತವ್ಯಯದೊಳಗೆ ವ್ಯಯ ಇದ್ದೇ ಇದೆ.

ನೀರು, ಕರೆಂಟು, ಸಮಯಕ್ಕೂ ಈ ಪದ ಬಳಸಬಹುದೇ?

ಬಳಸುವವರಿದ್ದಾರೆ. ಆದರೆ ವ್ಯಯ ಎಂದೊಡನೆ ಕನ್ನಡಿಗರಿಗೆ ಹಣ ನೆನಪಾಗುತ್ತದೆ. ನೀರಿಗೆ, ವಿದ್ಯುತ್ತಿಗೆ "ಮಿತಬಳಕೆ" ಚೆಂದ. ಸಮಯದ ವಿಷಯದಲ್ಲಿ "ಕಾಲವ್ಯಯ" ಎಂದರೆ ಕಾಲ ಹಾಳುಮಾಡುವುದು ಎಂಬ ಅರ್ಥ ಬಂದುಬಿಟ್ಟಿದೆ, ಅಲ್ಲಿ ಮಿತವ್ಯಯ ಸೇರಿಸಿದರೆ ಗೊಂದಲ. ಮಾತಿಗೆ ಮಿತಭಾಷೆ, ಊಟಕ್ಕೆ ಮಿತಾಹಾರ ಇದ್ದೇ ಇವೆ.

ಮೊಬೈಲಿನಲ್ಲೇ ಹಣ ಕೊಡುವ ಈ ಕಾಲದಲ್ಲಿ ಈ ಪದಕ್ಕೆ ಏನರ್ಥ ಉಳಿದಿದೆ?

ಹೆಚ್ಚೇ ಉಳಿದಿದೆ. 2016ರಲ್ಲಿ ಎರಡು ಸಂಗತಿ ಆದವು. ಯುಪಿಐ ಬಂತು, ನವೆಂಬರಿನಲ್ಲಿ 500, 1000ದ ನೋಟು ರದ್ದಾದವು. ಆ ನವೆಂಬರಿನಲ್ಲಿ ನಮ್ಮ ಕಿಟಕಿಯ ಮುಂದೆ ಹೆಂಗಸರ ಸಾಲು. ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ, ದೇವರ ಪಟದ ಹಿಂದೆ ಇಟ್ಟಿದ್ದ ನೋಟುಗಳು. ಕೆಲವು ನೋಟಿಗೆ ಇಂಗಿನ ವಾಸನೆ ಇತ್ತು. ಗಂಡನಿಗೆ ಗೊತ್ತಿಲ್ಲದ ಹಣ ಗಂಡನ ಎದುರೇ ಎಣಿಕೆಯಾಯಿತು. ಒಬ್ಬಾಕೆ ನಾಲ್ಕು ಸಾವಿರ ತಂದಿದ್ದರು, ಎಂಟು ವರ್ಷದ್ದು. "ಕಳ್ಳತನ ಅಲ್ಲ ಸಾರ್, ತರಕಾರೀಲಿ ಉಳಿಸಿದ್ದು" ಎಂದರು, ನಾನು ಏನೂ ಕೇಳಿರಲಿಲ್ಲ.

ಕೈಯಿಂದ ನೋಟು ಬಿಡುವಾಗ ಅಳತೆ ತಾನಾಗಿ ಆಗುತ್ತದೆ, ಪರ್ಸು ತೆಳುವಾಗುವುದು ಕಣ್ಣಿಗೆ ಕಾಣುತ್ತದೆ. ಕೋಡ್ ಸ್ಕ್ಯಾನ್ ಮಾಡಿದಾಗ ಕಾಣುವುದಿಲ್ಲ. ಅಂಗಡಿಯ ಪೆಟ್ಟಿಗೆ "ಬಂದಿದೆ" ಎಂದು ಕೂಗಿ ಹೇಳುತ್ತದೆ, ನಮ್ಮ ಕಡೆ "ಹೋಗಿದೆ" ಎಂದು ಕೂಗುವವರಿಲ್ಲ. ನನ್ನ ಮಗ ಈಗ ಒಂದು ಉಪಾಯ ಮಾಡಿದ್ದಾನೆ. ಸಂಬಳದ ಖಾತೆ ಬೇರೆ, ಖರ್ಚಿನ ಖಾತೆ ಬೇರೆ. ಪ್ರತಿ ಸೋಮವಾರ ವಾರಕ್ಕೆ ಬೇಕಾದಷ್ಟನ್ನು ಖರ್ಚಿನ ಖಾತೆಗೆ ಹಾಕಿಕೊಳ್ಳುತ್ತಾನೆ, ಮೊಬೈಲಿಗೆ ಜೋಡಿಸಿರುವುದು ಅದೊಂದನ್ನೇ. ಅವನ ಅಜ್ಜಿಯ ಪಾವು ಈಗ ಬ್ಯಾಂಕಿನಲ್ಲಿದೆ ಎಂದುಕೊಂಡೆ.

ನಮ್ಮ ಅಕ್ಕಪಕ್ಕದ ಭಾಷೆಗಳಲ್ಲಿ ಏನನ್ನುತ್ತಾರೆ?

ಮಲಯಾಳದಲ್ಲಿ ಇದೇ ಪದ, ಮಿತವ್ಯಯಂ. ಹಿಂದಿಯಲ್ಲೂ ಬರಹದಲ್ಲಿ ಇದೇ. ತಮಿಳರು ಸಿಕ್ಕನಂ ಎನ್ನುತ್ತಾರೆ, ತೆಲುಗರು ಪೊದುಪು, ಮರಾಠಿಗರು ಕಾಟಕಸರ್. ತಮಿಳು, ತೆಲುಗಿನವು ಮನೆಯಲ್ಲೂ ಬರಹದಲ್ಲೂ ಒಂದೇ ಆಗಿ ನಡೆಯುತ್ತವೆ. ಕನ್ನಡದಲ್ಲಿ ಮಾತ್ರ ಬರಹಕ್ಕೊಂದು, ಮನೆಗೊಂದು.

ಥ್ರಿಫ್ಟ್, ಫ್ರೂಗಲ್, ಎಕಾನಮಿ, ಆಸ್ಟೆರಿಟಿ ಎಲ್ಲಕ್ಕೂ ಮಿತವ್ಯಯ ಎಂದೇ ಅನುವಾದಿಸಬಹುದೇ?

ಬೇಡ. ಥ್ರಿಫ್ಟ್‌ಗೆ ಮಿತವ್ಯಯ ಚೆನ್ನಾಗಿ ಹೊಂದುತ್ತದೆ. ಫ್ರೂಗಲ್ ಎನ್ನುವಲ್ಲಿ ಬದುಕಿನ ಸರಳತೆ ಮುಖ್ಯವಾದರೆ "ಸರಳ", "ಮಿತವ್ಯಯದ" ಎರಡರಲ್ಲಿ ಸಂದರ್ಭ ನೋಡಿ ಆರಿಸಿ. ಸರಳ ಊಟಕ್ಕೆ ಮಿತವ್ಯಯದ ಊಟ ಎಂದರೆ ಉಣ್ಣುವವರಿಗೆ ಅವಮಾನ. ಎಕಾನಮಿ ಎಂದರೆ ದೇಶದ ಅರ್ಥವ್ಯವಸ್ಥೆಯೋ ಖರ್ಚಿನ ಹಿಡಿತವೋ ಮೊದಲು ಖಚಿತ ಮಾಡಿಕೊಳ್ಳಿ. ಆಸ್ಟೆರಿಟಿಗೆ, ಅದರಲ್ಲೂ ಸರ್ಕಾರಗಳು ಆಸ್ಪತ್ರೆ, ಪಿಂಚಣಿಗಳ ಹಣ ಕಡಿಯುವ ಸುದ್ದಿಗೆ, ಮಿತವ್ಯಯ ಎಂದು ಬರೆಯಲೇಬೇಡಿ. ಅದನ್ನು "ಕಟ್ಟುನಿಟ್ಟಿನ ವೆಚ್ಚ ಕಡಿತ" ಎಂದೇ ಬರೆಯಿರಿ. ಜನರ ತಟ್ಟೆಯಿಂದ ತೆಗೆದದ್ದಕ್ಕೆ ಪಾವಿನ ಅಂಚು ಸವರಿದವಳ ಪದ ಕೊಡಬೇಡಿ.